ಹೆರಿಗೆಗೆಂದು ಕಡಲಾಚೆಗೆ

ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ವಾಡಿಕೆ. ಸೀಮಂತ ಮುಗಿಸಿ, ಹಸುರು ಬಳೆ ತೊಡಿಸಿ, ಮಡಿಲು ತುಂಬಿ, ಹುಡುಗಿಯನ್ನು ತಾಯಿಯ ಮನೆಗೆ ಕಳುಹಿಸಿಕೊಡುತ್ತಿದ್ದರು. ಎತ್ತಿನ ಗಾಡಿಯ ಕಾಲದಲ್ಲಿ ಗಾಡಿಯೊಳಗೆ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿ, "ನಿಧಾನವಾಗಿ ಹೊಡಿಯಪ್ಪ" ಎಂದು ಗಾಡಿಯವನಿಗೆ ಹತ್ತು ಸಲ ಹೇಳಿ ಕಳುಹಿಸುತ್ತಿದ್ದರಂತೆ. ಆ ಎಚ್ಚರಿಕೆಯಲ್ಲಿ ಅರ್ಥವಿತ್ತು. ಹೊಟ್ಟೆಯಲ್ಲಿ ಜೀವ ಹೊತ್ತವಳು ದಾರಿ ನಡೆಯುವಾಗ ಆತಂಕವೊಂದು ಜೊತೆಯಲ್ಲೇ ನಡೆಯುತ್ತದೆಂಬುದನ್ನು ನಮ್ಮ ಹಿರಿಯರು ಪುಸ್ತಕ ಓದದೆಯೇ ಬಲ್ಲವರಾಗಿದ್ದರು. ಆದರೆ ಆ ದಾರಿ ಬಹಳವೆಂದರೆ ಹತ್ತು ಹದಿನೈದು ಮೈಲಿ. ಎರಡು ಕೊನೆಗಳಲ್ಲೂ ಗುರುತಿನ ಮುಖಗಳು. ನೀರಿನ ರುಚಿ ಕೂಡ ಒಂದೇ.

ಈಗ ದಾರಿ ಉದ್ದವಾಗಿದೆ. ನಿಮ್ಮ ಬೀದಿಯಲ್ಲಿಯೇ ಎಣಿಸಿ ನೋಡಿ. ಮಗಳೋ ಸೊಸೆಯೋ ಹೊರದೇಶದಲ್ಲಿರುವ ಮನೆ ಒಂದೆರಡಾದರೂ ಇದ್ದೇ ಇರುತ್ತದೆ. ಅವರಲ್ಲಿ ಕೆಲವರು ಬಾಣಂತನಕ್ಕೆಂದು ದುಬಾಯಿಯಿಂದಲೋ ಅಮೆರಿಕದಿಂದಲೋ ತವರಿಗೆ ಬರುತ್ತಾರೆ. ಇದಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು ಪ್ರಯಾಣ ನಡೆಯುತ್ತದೆ. ಇಲ್ಲಿಯೇ ವಾಸವಾಗಿರುವವರು, ಮಗುವಿಗೆ ಆ ದೇಶದ ಪೌರತ್ವ ಸಿಕ್ಕಲೆಂದು, ದಿನ ತುಂಬುವ ಹೊತ್ತಿಗೆ ಅಲ್ಲಿಗೆ ಹೋಗುವುದು. ಎರಡನ್ನೂ ಕುರಿತು ಮನೆಗಳಲ್ಲಿ ಮಾತು ನಡೆಯುವುದುಂಟು. ಟಿಕೆಟ್ಟಿನ ದರ, ಯಾರ ಮನೆಯಲ್ಲಿ ಇಳಿದುಕೊಳ್ಳುವುದು, ಮೆಂತ್ಯದ ಹಿಟ್ಟು ಯಾರು ಒಯ್ಯುವುದು, ಇಷ್ಟೆಲ್ಲ ಚರ್ಚೆಯಾಗುತ್ತದೆ. ಬಸುರಿಯ ಮೈಗೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಅದನ್ನೇ ಇಲ್ಲಿ ಮೊದಲು ತೆಗೆದುಕೊಳ್ಳೋಣ.

ವಿಮಾನ ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತದೆಯಾದರೂ ಒಳಗಿನ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹಾಗಿದ್ದರೂ ಅದು ನೆಲಮಟ್ಟದ ಗಾಳಿಯಷ್ಟು ದಟ್ಟವಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ. ನಮ್ಮ ರಾಜ್ಯದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಅದರ ನೆತ್ತಿಯ ಮೇಲೆ, ಇಲ್ಲವೆ ಇನ್ನೂ ತುಸು ಮೇಲೆ, ಹದಿನೈದು ಹದಿನಾರು ಗಂಟೆ ಕುಳಿತಿದ್ದಂತೆ ಎಂದು ಭಾವಿಸಿ. ಆರೋಗ್ಯವಂತಳಾದ ಗರ್ಭಿಣಿಗೆ ಇದರಿಂದ ತೊಂದರೆಯಿಲ್ಲ. ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ವಿಶೇಷ ಶಕ್ತಿಯಿದೆ. ತಾಯಿಯ ರಕ್ತದಲ್ಲಿ ಅದು ಸ್ವಲ್ಪ ಕಡಮೆಯಾದರೂ ಮಗು ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಆದರೆ ತಾಯಿಯೇ ರಕ್ತಹೀನತೆಯಿಂದ ಬಿಳಿಚಿಕೊಂಡಿದ್ದರೆ ಲೆಕ್ಕ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ, ಎಂದರೆ ನೂರಕ್ಕೆ 52 ಮಂದಿ, ರಕ್ತಹೀನತೆಯುಳ್ಳವರು. ಇದು ಬಡವರ ಮನೆಯ ರೋಗ, ನಮ್ಮಲ್ಲಿಲ್ಲ ಎಂದು ಯಾರೂ ತಿಳಿಯಬೇಡಿ. ಟಿಕೆಟ್ಟು ಕೊಳ್ಳುವ ಮೊದಲು ಒಂದು ಸಣ್ಣ ರಕ್ತಪರೀಕ್ಷೆ ಸಾಕು. ರಕ್ತ ತೀರ ಕಡಮೆಯಿದ್ದರೆ ವೈದ್ಯರು ಹಾರಬೇಡವೆನ್ನುತ್ತಾರೆ.

ಗಾಳಿಗಿಂತ ಹೆಚ್ಚಿನ ಭಯ ಕುರ್ಚಿಯದು. ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವಂತೆ ಪ್ರಕೃತಿಯೇ ಏರ್ಪಾಟು ಮಾಡಿದೆ. ಹೆರಿಗೆಯ ಸಮಯದಲ್ಲಿ ರಕ್ತಸ್ರಾವದಿಂದ ತಾಯಿ ಸಾಯದಿರಲೆಂಬ ಏರ್ಪಾಟು ಅದು. ಅದರ ಬೆಲೆಯೆಂದರೆ, ಕಾಲಿನ ಒಳ ರಕ್ತನಾಳಗಳಲ್ಲಿ ಬೇಡದ ಹೆಪ್ಪು ಕಟ್ಟುವ ಸಂಭವ ಬಸುರಿಯಲ್ಲದ ಹೆಂಗಸಿಗಿಂತ ಗರ್ಭಿಣಿಯಲ್ಲಿ ನಾಲ್ಕೈದು ಪಟ್ಟು ಹೆಚ್ಚು. ನಾಲ್ಕು ಗಂಟೆಗೂ ಮೀರಿ ಮೊಣಕಾಲು ಮಡಿಸಿ ಕುಳಿತರೆ ಅದು ಇನ್ನೂ ಏರುತ್ತದೆ. ಹೆಪ್ಪು ಕಾಲಿನಲ್ಲಿಯೇ ಇದ್ದರೆ ಊತ, ನೋವು. ಬಿಡಿಸಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ನಡುಹಾದಿಯ ಪಕ್ಕದ ಆಸನವನ್ನೇ ಕೇಳಿ ಪಡೆಯಬೇಕು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ ಮೀನಖಂಡವನ್ನು ಕೆಲಸಕ್ಕೆ ಹಚ್ಚಬೇಕು, ನೀರು ಕುಡಿಯಬೇಕು. ಪದೇ ಪದೇ ಎದ್ದು ಹೋಗುವುದಕ್ಕೆ ಸಂಕೋಚಪಟ್ಟು ನೀರೇ ಕುಡಿಯದಿರುವ ನಮ್ಮ ಹೆಣ್ಣುಮಕ್ಕಳ ಅಭ್ಯಾಸವನ್ನು ಆ ಒಂದು ದಿವಸ ಬಿಟ್ಟುಬಿಡಬೇಕು. ಬಿಗಿ ಕಾಲುಚೀಲವನ್ನು ಅಳತೆ ನೋಡಿ ಹಾಕಿಕೊಳ್ಳಬೇಕು. ಹಿಂದೆ ಹೆಪ್ಪು ಕಟ್ಟಿದ್ದವರಿಗೆ ವೈದ್ಯರು ಚುಚ್ಚುಮದ್ದನ್ನೂ ಕೊಡಬಹುದು. ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಕೆಳಗೆ ತೊಡೆಯ ಬುಡಕ್ಕೆ ಒತ್ತಿ ಕಟ್ಟಿಕೊಳ್ಳುವುದು.

2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲೂ ಇಳಿಯದ ಮೊದಲ ಏರ್ ಇಂಡಿಯಾ ವಿಮಾನ ಬಂದದ್ದು ನಿಮಗೆ ನೆನಪಿರಬಹುದು. ನಡೆಸಿದವರೆಲ್ಲ ಮಹಿಳೆಯರೇ ಎಂದು ನಾವೆಲ್ಲ ಹಿಗ್ಗಿದ್ದೆವು. ಉತ್ತರ ಧ್ರುವದ ಮೇಲಿನಿಂದ ಹಾದು ಬಂದ ಆ ಹಾರಾಟಕ್ಕೆ ಸುಮಾರು 17 ಗಂಟೆ ಹಿಡಿಯಿತು. ಕೆಳಗೆ ಗಂಟೆಗಟ್ಟಲೆ ಹಿಮ ಮತ್ತು ಸಮುದ್ರ. ಅಂಥ ಜಾಗದಲ್ಲಿ ಮಾಸು ಬಿಟ್ಟುಕೊಂಡು ರಕ್ತ ಕಂಡರೆ, ಇಲ್ಲವೆ ರಕ್ತದೊತ್ತಡ ಏರಿ ಕಣ್ಣು ಮಂಜಾದರೆ, ಪಕ್ಕದಲ್ಲಿರುವವರು ಗಗನಸಖಿಯರು ಮತ್ತು ಅದೃಷ್ಟವಿದ್ದರೆ ಪ್ರಯಾಣಿಕರಲ್ಲೊಬ್ಬ ಡಾಕ್ಟರು. ರಕ್ತವಿಲ್ಲ, ಶಸ್ತ್ರಕ್ರಿಯೆಯ ಮೇಜಿಲ್ಲ. ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂತಿರುವವರು, ಹಿಂದೆ ದಿನ ತುಂಬದೆ ಹೆತ್ತವರು, ರಕ್ತದೊತ್ತಡ ಏರಿ ನಂಜು ಕಾಣಿಸಿಕೊಂಡವರು ದೂರದ ವಿಮಾನ ಹತ್ತಲೇಬಾರದೆನ್ನುವುದು ಇದಕ್ಕಾಗಿಯೇ. ಅವಳಿ ಮಕ್ಕಳನ್ನು ಹೊತ್ತವರಿಗೆ ಅವಧಿ ಇನ್ನೂ ಮೊದಲೇ ಮುಗಿಯುತ್ತದೆ.

ವಿಮಾನದ ಕಂಪನಿಗಳೂ ಈ ವಿಷಯದಲ್ಲಿ ಹುಷಾರಾಗಿವೆ. ನಿಯಮ ಒಂದೊಂದು ಕಂಪನಿಯದು ಒಂದೊಂದು ಬಗೆ. ಸಾಮಾನ್ಯವಾಗಿ 28 ವಾರ ಕಳೆದ ಮೇಲೆ ವೈದ್ಯರ ಪತ್ರ ಕೇಳುತ್ತಾರೆ, 36 ವಾರದ ಮೇಲೆ ಹತ್ತಿಸಿಕೊಳ್ಳುವುದಿಲ್ಲ. ಅವಳಿಯಾದರೆ ಅನೇಕರು 32 ವಾರಕ್ಕೇ ನಿಲ್ಲಿಸುತ್ತಾರೆ. ನಮ್ಮ ಮನೆಗಳಲ್ಲಿ ಬಸುರನ್ನು ತಿಂಗಳಲ್ಲಿ ಎಣಿಸುತ್ತೇವೆ, ಅವರು ವಾರದಲ್ಲಿ ಎಣಿಸುತ್ತಾರೆ. "ಎಂಟು ತುಂಬಿ ಒಂಬತ್ತು" ಎಂದು ಅಜ್ಜಿ ಹೇಳಿದ ಲೆಕ್ಕ ವಿಮಾನ ನಿಲ್ದಾಣದಲ್ಲಿ ನಡೆಯದು. ಕಡೆಯ ಮುಟ್ಟಿನ ಮೊದಲ ದಿವಸದಿಂದ ಎಣಿಸಿದ 40 ವಾರ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಹೋಗುವ ದಿವಸವನ್ನಷ್ಟೇ ಅಲ್ಲ, ಹಿಂದಿರುಗುವ ದಿವಸವನ್ನೂ ಅದೇ ಲೆಕ್ಕದಲ್ಲಿ ನೋಡಬೇಕು. ಸೀಮಂತಕ್ಕೆಂದು ಬಂದವಳು ನಾಲ್ಕು ವಾರ ಹೆಚ್ಚು ಉಳಿದು, ಮರಳಿ ಹೋಗಲಾಗದೆ, ಅಣಿಯಿಲ್ಲದ ಊರಿನಲ್ಲಿ ಹೆತ್ತದ್ದುಂಟು.

ಇಲ್ಲಿ ಒಂದು ಇಕ್ಕಟ್ಟು ಹುಟ್ಟುತ್ತದೆ. ಹೊರದೇಶದಲ್ಲಿ ಹೆರಬೇಕೆನ್ನುವವಳು 32ನೆಯ ವಾರದ ಸುಮಾರಿಗೇ ಹೋಗಿ ಕೂರಬೇಕು. ಅಂದರೆ ಬಸುರಿನ ಅತ್ಯಂತ ನಾಜೂಕಾದ ಎರಡು ತಿಂಗಳನ್ನು, ತನ್ನನ್ನು ಮೊದಲಿನಿಂದ ನೋಡಿದ ವೈದ್ಯರಿಲ್ಲದ ಕಡೆ, ಬಾಡಿಗೆ ಕೋಣೆಯಲ್ಲಿ ಕಳೆಯಬೇಕು. ರಕ್ತದೊತ್ತಡದ ನಂಜು ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ತಿಂಗಳುಗಳಲ್ಲಿಯೇ. ತಲೆ ಸಿಡಿತ, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು, ಮುಖ ಬಾತುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಆದರೆ ಪರದೇಶದಲ್ಲಿ ಒಂದು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಎಷ್ಟು ಡಾಲರೆಂದು ಲೆಕ್ಕ ಹಾಕುತ್ತ ಕೂತವಳು, ಪ್ರಯಾಣದ ಆಯಾಸವೆಂದು ತನಗೆ ತಾನೇ ಹೇಳಿಕೊಂಡು ಮಲಗಿಬಿಡುತ್ತಾಳೆ. ನನಗೆ ಅತ್ಯಂತ ಭಯವೆನಿಸುವುದು ವಿಮಾನವಲ್ಲ, ಈ ಮಲಗಿಬಿಡುವುದು.

ದಿನ ತುಂಬುವವರೆಗೆ ಮಗು ಕಾಯುತ್ತದೆಂಬ ಭರವಸೆಯೂ ಇಲ್ಲ. ಪ್ರಪಂಚದಲ್ಲಿ ಹುಟ್ಟುವ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಂದು 37 ವಾರ ತುಂಬುವ ಮೊದಲೇ ಹುಟ್ಟುತ್ತದೆ; 2020ರಲ್ಲಿ ಅಂಥ ಮಕ್ಕಳು 1 ಕೋಟಿ 34 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹು ಬೇಗ ಹುಟ್ಟಿದ ಕೂಸಿಗೆ ವಾರಗಟ್ಟಲೆ ಗಾಜಿನ ಪೆಟ್ಟಿಗೆ, ಉಸಿರಿನ ಯಂತ್ರ, ರಾತ್ರಿ ಹಗಲು ದಾದಿಯರು ಬೇಕು. ಅಮೆರಿಕದಲ್ಲಿ ಇದರ ಖರ್ಚು ಲಕ್ಷಗಟ್ಟಲೆ ಡಾಲರಿಗೆ ಏರುವುದು ಅಪರೂಪವಲ್ಲ. 1986ರ ಅಲ್ಲಿನ ಒಂದು ಕಾನೂನಿನ ಮೇರೆಗೆ, ಹೆರಿಗೆ ನೋವಿನಿಂದ ಬಂದವಳನ್ನು ದುಡ್ಡಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯ ತುರ್ತು ವಿಭಾಗ ಹಿಂದಕ್ಕೆ ಕಳುಹಿಸುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಬಿಲ್ಲು ಕಳುಹಿಸಬಾರದೆಂದು ಅದರಲ್ಲಿಲ್ಲ.

ಪ್ರಯಾಣದ ವಿಮೆ ಮಾಡಿಸಿದ್ದೇವೆ ಎಂದು ಕೆಲವರು ನೆಮ್ಮದಿಯಾಗಿರುತ್ತಾರೆ. ಆ ಪತ್ರದ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ. ಬಹುಪಾಲು ಪ್ರಯಾಣ ವಿಮೆಗಳಲ್ಲಿ ಹೆರಿಗೆ ಸೇರಿಲ್ಲ. ಅಕಸ್ಮಾತ್ತಾಗಿ ಬಸುರಿನಲ್ಲಿ ತೊಂದರೆಯಾದರೆ ಕೊಡುತ್ತೇವೆನ್ನುವ ಕೆಲವು ಕಂಪನಿಗಳೂ ಇಷ್ಟು ವಾರದೊಳಗೆ ಎಂಬ ಕಟ್ಟು ಹಾಕಿರುತ್ತವೆ. ಇನ್ನೊಂದು ಸೂಕ್ಷ್ಮವುಂಟು, ಇದು ಅನೇಕರಿಗೆ ಹೊಳೆಯುವುದೇ ಇಲ್ಲ. ವಿಮೆ ಇರುವುದು ತಾಯಿಯ ಹೆಸರಿನಲ್ಲಿ. ಹೊಕ್ಕುಳ ಬಳ್ಳಿ ಕತ್ತರಿಸಿದ ಗಳಿಗೆಯಿಂದ ಮಗು ಬೇರೊಬ್ಬ ರೋಗಿ. ಅದರ ಹೆಸರಿನಲ್ಲಿ, ಅದಕ್ಕೆ ಹೆಸರೇ ಇಡುವುದಕ್ಕೆ ಮುಂಚೆ, ಬೇರೆ ಬಿಲ್ಲು ಶುರುವಾಗುತ್ತದೆ.

ಇಷ್ಟೆಲ್ಲ ಇದ್ದೂ ಜನ ಏಕೆ ಹೋಗುತ್ತಾರೆ? ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿ, ಆ ನೆಲದಲ್ಲಿ ಹುಟ್ಟಿ ಅಲ್ಲಿನ ಆಡಳಿತಕ್ಕೆ ಒಳಪಟ್ಟವರೆಲ್ಲ ಅಲ್ಲಿನ ಪೌರರು ಎನ್ನುತ್ತದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರಿಗಾಗಿ ಬಂದ ಮಾತು ಅದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತ ಚೀನಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಇಲ್ಲಿಯವನಲ್ಲವೆಂದು ಹಡಗಿನಿಂದ ಇಳಿಯಗೊಡಲಿಲ್ಲ. ಆತ ಬಿಡಲಿಲ್ಲ. 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆತನನ್ನು ಪೌರನೆಂದೇ ತೀರ್ಪು ಕೊಟ್ಟಿತು. ಆ ತೀರ್ಪಿನ ನೆರಳಿನಲ್ಲಿ ಬೆಳೆದದ್ದು ಈ ಹೆರಿಗೆಯ ಪ್ರವಾಸ. ಮಗುವಿಗೆ ಅಲ್ಲಿನ ಪೌರತ್ವವಾದರೆ ತಂದೆತಾಯಿಗಳಿಗೂ ಬಾಗಿಲು ತೆರೆಯಿತು ಎಂದು ತಿಳಿಯುವವರಿದ್ದಾರೆ. ಅದು ತಪ್ಪು. ಮಗುವಿಗೆ 21 ವರ್ಷ ತುಂಬಿದ ಮೇಲೆ ಮಾತ್ರ ತಂದೆತಾಯಿಗಳಿಗಾಗಿ ಅರ್ಜಿ ಹಾಕಬಹುದು. ಅಷ್ಟು ಹೊತ್ತಿಗೆ ಅಲ್ಲಿ ಬೇರೆ ಎಂಥ ಕಾನೂನಿರುತ್ತದೋ ಬಲ್ಲವರಾರು?

ಈ ದಾರಿಗೆ ಒಂದೊಂದಾಗಿ ಅಡ್ಡಗಟ್ಟೆಗಳು ಬಿದ್ದಿವೆ. 2020ರ ಜನವರಿಯಲ್ಲಿ ಬಂದ ನಿಯಮದಂತೆ, ಮಗುವಿಗೆ ಪೌರತ್ವ ದೊರಕಿಸುವುದೇ ಪ್ರಯಾಣದ ಮುಖ್ಯ ಉದ್ದೇಶವೆಂದು ವೀಸಾ ಅಧಿಕಾರಿಗೆ ತೋರಿದರೆ ಸಂದರ್ಶಕ ವೀಸಾ ಕೊಡಲಾಗದು. ಅದಕ್ಕೂ ಮೊದಲು, 2019ರ ಜನವರಿಯಲ್ಲಿ, ಚೀನದಿಂದ ಬರುವ ಗರ್ಭಿಣಿಯರಿಗಾಗಿ ಕ್ಯಾಲಿಫೋರ್ನಿಯದಲ್ಲಿ ನಡೆಯುತ್ತಿದ್ದ ಹೆರಿಗೆ ಮನೆಗಳ ಸಂಬಂಧವಾಗಿ 19 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಅಧಿಕಾರಿಗಳ ಮುಂದೆ ಏನು ಸುಳ್ಳು ಹೇಳಬೇಕು, ಹೊಟ್ಟೆ ಕಾಣದಂತೆ ಎಷ್ಟು ಸಡಿಲವಾದ ಬಟ್ಟೆ ತೊಡಬೇಕು ಎಂದು ಹೆಂಗಸರಿಗೆ ಪಾಠ ಹೇಳಿಕೊಡುತ್ತಿದ್ದರೆಂಬುದು ಆಪಾದನೆ. ಇದರ ನೀತಿ ಅನೀತಿಯ ವಿಚಾರ ನ್ಯಾಯಾಲಯಕ್ಕಿರಲಿ. ನಾನು ನೋಡುವುದು ಬೇರೊಂದನ್ನು. ಬಸುರನ್ನು ಮುಚ್ಚಿಟ್ಟುಕೊಂಡು ಹೋಗುವವಳು ತನ್ನ ವೈದ್ಯಕೀಯ ಕಾಗದಗಳನ್ನೂ ಜೊತೆಗೆ ಒಯ್ಯಲಾರಳು, ಪೆಟ್ಟಿಗೆ ತೆರೆದರೆ ಸಿಕ್ಕಿಬೀಳುವಳು. ವಿಮಾನದಲ್ಲಿ ನೋವು ಬಂದರೆ ಹೇಳಲಾರಳು. ರಕ್ತದ ಗುಂಪು, ಸಕ್ಕರೆಯ ಪ್ರಮಾಣ, ಹಿಂದಿನ ಹೆರಿಗೆಯ ಕತೆ, ಯಾವುದೂ ಅಲ್ಲಿನ ಡಾಕ್ಟರ ಕೈಯಲ್ಲಿರದು. ಕಾನೂನಿನ ಕಣ್ಣಿಗೆ ಮಣ್ಣೆರಚಲು ಹೋದವಳು ತನ್ನನ್ನು ಕಾಯಬೇಕಾದ ವೈದ್ಯರ ಕಣ್ಣಿಗೂ ಬಟ್ಟೆ ಕಟ್ಟಿದಂತಾಗುತ್ತದೆ.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಅವರು ಹೊರಡಿಸಿದ ಆಜ್ಞೆ ಇನ್ನೂ ಮುಂದಕ್ಕೆ ಹೋಯಿತು. ತಾಯಿ ಅಕ್ರಮವಾಗಿಯೋ, ಇಲ್ಲವೆ ಪ್ರವಾಸ, ವಿದ್ಯಾಭ್ಯಾಸ, ಉದ್ಯೋಗದಂಥ ತಾತ್ಕಾಲಿಕ ವೀಸಾದ ಮೇಲೋ ಇದ್ದು, ತಂದೆಯೂ ಪೌರನಾಗಲಿ ಖಾಯಂ ನಿವಾಸಿಯಾಗಲಿ ಅಲ್ಲದಿದ್ದರೆ, ಮೂವತ್ತು ದಿವಸ ಕಳೆದ ಮೇಲೆ ಹುಟ್ಟುವ ಮಗುವಿಗೆ ಪೌರತ್ವವಿಲ್ಲ ಎಂದಿತು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಕೆಲಸಕ್ಕೆ ಹೋದ ಎಷ್ಟೋ ದಂಪತಿಗಳು ಈ ಮಾತಿನೊಳಗೇ ಬರುವವರು. ಆ ಮೂವತ್ತು ದಿವಸಗಳಲ್ಲಿ, ಫೆಬ್ರುವರಿ 20ರ ಗಡುವಿಗೆ ಮುಂಚೆ ಮಗು ಹುಟ್ಟಲೆಂದು, ಎಂಟನೆಯ ತಿಂಗಳಿನಲ್ಲಿದ್ದ ಭಾರತೀಯ ಹೆಣ್ಣುಮಕ್ಕಳು ಶಸ್ತ್ರಕ್ರಿಯೆಯ ಹೆರಿಗೆಗಾಗಿ ಅಲ್ಲಿನ ವೈದ್ಯರನ್ನು ಕೇಳಿಕೊಂಡರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ವೈದ್ಯರು ಬೇಡವೆಂದು ತಿಳಿಹೇಳಿದರು. ಹೊಟ್ಟೆಯೊಳಗೆ ಇನ್ನೂ ನಾಲ್ಕು ವಾರ ಇರಬೇಕಾದ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ, ಹಾಲು ಚೀಪುವ ಶಕ್ತಿ ಬಂದಿರುವುದಿಲ್ಲ, ಮೈ ಕಾವು ನಿಲ್ಲುವುದಿಲ್ಲ. ಒಂದು ಕಾಗದಕ್ಕಾಗಿ ಅಂಥ ಕೂಸನ್ನು ಅವಸರದಲ್ಲಿ ಹೊರಕ್ಕೆ ತೆಗೆಸಲು ಮನಸ್ಸು ಮಾಡಿದ ತಾಯಂದಿರನ್ನು ಬೈಯಲು ನನಗೆ ಬಾಯಿ ಬಾರದು. ಅವರ ಮೇಲೆ ಬಿದ್ದಿದ್ದ ದಿಗಿಲು ಎಷ್ಟಿರಬೇಕೆಂದು ಮಾತ್ರ ಯೋಚಿಸುತ್ತೇನೆ. ಇಷ್ಟಾಗಿ, ಆ ಗಡುವು ಬರುವುದಕ್ಕೆ ಮೊದಲೇ ನ್ಯಾಯಾಲಯಗಳು ಆಜ್ಞೆಯನ್ನು ತಡೆಹಿಡಿದಿದ್ದವು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ತನ್ನ ವಿಚಾರಣೆಗೆ ಎತ್ತಿಕೊಂಡಿತು.

ದೇಶಗಳು ಈ ನಿಯಮವನ್ನು ಬದಲಾಯಿಸಿರುವುದು ಹೊಸದೇನಲ್ಲ. ಬ್ರಿಟನ್ 1983ರಲ್ಲಿ, ಆಸ್ಟ್ರೇಲಿಯ 1986ರಲ್ಲಿ, ನ್ಯೂಜಿಲೆಂಡ್ 2006ರಲ್ಲಿ ಬರಿಯ ಜನ್ಮಸ್ಥಳದಿಂದ ಪೌರತ್ವ ಕೊಡುವುದನ್ನು ನಿಲ್ಲಿಸಿದವು. ಐರ್ಲೆಂಡಿನಲ್ಲಿ 2004ರಲ್ಲಿ ಜನಮತವನ್ನೇ ಕೇಳಿದರು. ನಮ್ಮ ದೇಶವೂ 1987ರಲ್ಲಿ ಮತ್ತು 2004ರಲ್ಲಿ ಬಿಗಿ ಮಾಡಿತು. ಆದರೆ ಹೆರಿಗೆಯ ಪ್ರವಾಸವೆಂಬುದು ಒಂದು ಊರನ್ನು ಏನು ಮಾಡಬಲ್ಲದೆಂದು ತಿಳಿಯಬೇಕಾದರೆ ಹಾಂಗ್‌ಕಾಂಗಿನ ಕತೆ ಕೇಳಬೇಕು.

1997ರಲ್ಲಿ ಹಾಂಗ್‌ಕಾಂಗ್ ಚೀನಕ್ಕೆ ಸೇರಿದರೂ ಅದರ ಕಾನೂನು, ಆಸ್ಪತ್ರೆ, ಶಾಲೆಗಳು ಬೇರೆಯಾಗಿಯೇ ಉಳಿದವು. ಅಲ್ಲಿ ಹುಟ್ಟಿದ ಚೀನೀ ಮಗುವಿಗೆ, ತಂದೆತಾಯಿಗಳು ಮುಖ್ಯ ನಾಡಿನವರೇ ಆಗಿದ್ದರೂ, ಅಲ್ಲಿ ನೆಲೆಸುವ ಹಕ್ಕುಂಟೆಂದು 2001ರಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯ ತೀರ್ಪಿತ್ತಿತು. ತಂದೆತಾಯಿಗಳಿಬ್ಬರೂ ಹೊರಗಿನವರಾಗಿ ಅಲ್ಲಿ ಹುಟ್ಟಿದ ಮಕ್ಕಳು ಆ ವರ್ಷ ಆರುನೂರು ಚಿಲ್ಲರೆ. ಹತ್ತೇ ವರ್ಷದಲ್ಲಿ, 2011ರ ಹೊತ್ತಿಗೆ, ಸುಮಾರು 36 ಸಾವಿರ! ಊರಿನ ಹೆಂಗಸರಿಗೇ ಹಾಸಿಗೆ ಸಿಕ್ಕದಾಯಿತು. 2007ರಲ್ಲಿ ಸರ್ಕಾರ ಮುಂಗಡ ಕಾದಿರಿಸುವ ನಿಯಮ ಮಾಡಿ, ಹೊರಗಿನವರಿಗೆ 39,000 ಹಾಂಗ್‌ಕಾಂಗ್ ಡಾಲರು, ಕಾದಿರಿಸದೆ ಬಂದರೆ 48,000 ಎಂದು ದರವಿಟ್ಟಿತು. 28 ವಾರ ದಾಟಿದ ಗರ್ಭಿಣಿಯ ಕೈಯಲ್ಲಿ ಆಸ್ಪತ್ರೆಯ ಚೀಟಿ ಇಲ್ಲದಿದ್ದರೆ ಗಡಿಯಿಂದಲೇ ಹಿಂದಕ್ಕೆ ಕಳುಹಿಸತೊಡಗಿದರು. ಆಗ ಏನಾಯಿತು ಗೊತ್ತೆ? ಕೆಲವರು ಗಡಿಯನ್ನು ಮೊದಲೇ ದಾಟಿ ಎಲ್ಲೋ ಅಡಗಿ ಕುಳಿತು, ನೋವು ಬಲಿತು ಇನ್ನೇನು ಹೆರಿಗೆಯಾಗುವ ಹೊತ್ತಿಗೆ ಸರಿಯಾಗಿ ತುರ್ತು ವಿಭಾಗದ ಬಾಗಿಲಿಗೆ ಬರತೊಡಗಿದರು. 2011ರಲ್ಲಿ ಹೀಗೆ ಬಂದವರು ಸಾವಿರಕ್ಕೂ ಮೇಲ್ಪಟ್ಟು. ಮಗು ಅಡ್ಡಲಾಗಿದೆಯೋ, ತಾಯಿಗೆ ಯಾವ ಸೋಂಕಿದೆಯೋ, ಯಾವುದೂ ಗೊತ್ತಿಲ್ಲದೆ, ಅಪಘಾತದ ಗಾಯ ಕಟ್ಟುವ ಕೋಣೆಯಲ್ಲಿ ಹೆರಿಗೆ ಮಾಡಿಸಬೇಕಾಗಿತ್ತು. ಕಡೆಗೆ 2013ರ ಜನವರಿ 1ರಿಂದ ಅಂಥ ತಾಯಂದಿರಿಗೆ ಒಂದು ಹಾಸಿಗೆಯನ್ನೂ ಕಾದಿರಿಸಬಾರದೆಂದು ನಿಲ್ಲಿಸಿಬಿಟ್ಟರು.

ಆ ಮಕ್ಕಳಲ್ಲಿ ಸಾವಿರಾರು ಮಂದಿ ಗಡಿಯಾಚೆ ಷೆನ್‌ಜೆನ್‌ನಲ್ಲಿ ತಂದೆತಾಯಿಗಳ ಜೊತೆ ಇದ್ದುಕೊಂಡು, ಬೆಳಗಾಗುತ್ತಲೇ ಎದ್ದು, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು, ದಿನವೂ ಗಡಿ ದಾಟಿ ಹಾಂಗ್‌ಕಾಂಗಿನ ಶಾಲೆಗೆ ಹೋಗುತ್ತಿದ್ದರು. 2020ರಲ್ಲಿ ಸಾಂಕ್ರಾಮಿಕ ಬಂದು ಗಡಿ ಮುಚ್ಚಿತು. 2023ರ ಮೊದಲಲ್ಲಿ ಮತ್ತೆ ತೆರೆಯುವವರೆಗೆ, ಸುಮಾರು ಮೂರು ವರ್ಷ, ಅವರಲ್ಲಿ ಬಹಳ ಮಂದಿಗೆ ಶಾಲೆಯೆಂದರೆ ಮನೆಯಲ್ಲಿನ ಒಂದು ಪರದೆ ಮಾತ್ರವಾಗಿತ್ತು.

ನಮ್ಮ ಮಕ್ಕಳ ಕಾಗದಪತ್ರಗಳ ತೊಡಕು ಇನ್ನೊಂದು ರೀತಿಯದು. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಹೊರದೇಶದಲ್ಲಿ 2004ರ ಡಿಸೆಂಬರ್ 3ರ ತರುವಾಯ ಹುಟ್ಟಿದ ಮಗು ತಂದೆತಾಯಿಗಳ ಮೂಲಕ ಭಾರತೀಯನಾಗಬೇಕಾದರೆ, ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟಿಲ್ಲವೆಂದು ತಂದೆತಾಯಿಗಳು ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಕೊಲ್ಲಿಯ ನಾಡುಗಳಲ್ಲಿ ಹೆರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ನಾಡಿನ ಪೌರತ್ವ ಬರುವುದಿಲ್ಲ. ಇಲ್ಲಿಯದನ್ನೂ ಉದಾಸೀನದಿಂದ ಕಳೆದುಕೊಂಡರೆ ಮಗು ಎಲ್ಲಿಗೂ ಸೇರದಂತಾಗುತ್ತದೆ. ಇನ್ನು ಅಮೆರಿಕದ ಪಾಸ್‌ಪೋರ್ಟು ಪಡೆದ ಹಸುಳೆ ಭಾರತದ ಲೆಕ್ಕದಲ್ಲಿ ವಿದೇಶೀಯ. ಇಪ್ಪತ್ತು ದಿವಸದ ಕೂಸಾದರೂ ಅದಕ್ಕೆ ತನ್ನದೇ ಪಾಸ್‌ಪೋರ್ಟು, ತನ್ನದೇ ವೀಸಾ ಇಲ್ಲದೆ ಅಜ್ಜಿಯ ಮನೆಗೆ ಬರಲಾಗದು. ಅವು ಕೈಸೇರುವವರೆಗೆ ಬಾಣಂತಿ ಅಲ್ಲಿಯೇ ಕಾಯಬೇಕು. ಮುಂದೆ ಸಾಗರೋತ್ತರ ಭಾರತೀಯ ಕಾರ್ಡು ಮಾಡಿಸಬಹುದು, ನಿಜ. ಆ ಕಾರ್ಡಿನವರಿಗೆ ಇಲ್ಲಿ ಓಟಿಲ್ಲ, ಜಮೀನು ಕೊಳ್ಳುವಂತಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯೂ ಇಲ್ಲ. ಅಲ್ಲಿನ ಪೌರನಾದವನು ಯಾವ ದೇಶದಲ್ಲಿ ಸಂಪಾದಿಸಿದರೂ ಅಮೆರಿಕದ ತೆರಿಗೆ ಕಚೇರಿಗೆ ಲೆಕ್ಕ ಒಪ್ಪಿಸಬೇಕೆಂಬುದನ್ನೂ ತೊಟ್ಟಿಲು ತೂಗುವಾಗ ಯಾರೂ ನೆನೆಯುವುದಿಲ್ಲ.

ಹೊರಗೆ ದುಡಿಯುತ್ತ ಸಂಸಾರ ಹೂಡಿರುವ ಹೆಣ್ಣುಮಕ್ಕಳ ಮಾತು ಬೇರೆ. ಅವರಿಗೆ ಅಲ್ಲಿ ವಿಮೆಯುಂಟು, ಮೊದಲ ತಿಂಗಳಿನಿಂದ ನೋಡಿದ ಡಾಕ್ಟರುಂಟು. ಅಂಥವರು ಅಲ್ಲಿಯೇ ಹೆತ್ತು, ಬಾಣಂತನಕ್ಕೆ ತಾಯಿಯನ್ನೋ ಅತ್ತೆಯನ್ನೋ ಕರೆಸಿಕೊಳ್ಳುವುದು ಲೇಸೆಂದು ನನ್ನ ಎಣಿಕೆ. ತವರಿಗೆ ಬಂದೇ ತೀರುತ್ತೇನೆಂದರೆ, ಬರಲಿ, ಬೇಡವೆನ್ನುವ ಕಲ್ಲು ಮನಸ್ಸು ಯಾರಿಗಿದೆ? 28 ವಾರದೊಳಗಾಗಿ ಬರಲಿ. ತಪಾಸಣೆಯ ಎಲ್ಲ ಕಾಗದಗಳು, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಗೆ ಹಾಕಿದರೆ ಪೆಟ್ಟಿಗೆಯೇ ಬೇರೆ ಊರಿಗೆ ಹೋದೀತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ, ಬಸುರಿನಲ್ಲಿ ಕೊಡುವ ಚುಚ್ಚುಮದ್ದು ಆಗಿದೆಯೆ ಎಂಬುದನ್ನು ಬರೆಸಿ ತರಲಿ. ಮಗುವಿನ ರಕ್ತ ಪಾಸಿಟಿವ್ ಎಂದು ಕಂಡರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡಬೇಕು. ಬಂದ ವಾರದಲ್ಲೇ ಇಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕು, ನೋವು ಬಂದ ಮೇಲಲ್ಲ.

ಇನ್ನು ಬಂದವಳ ಊಟ, ನೀರು. ನಾಲ್ಕೈದು ವರ್ಷ ಹೊರಗಿದ್ದವಳಿಗೆ ಬೀದಿಯ ಪಾನಿಪೂರಿ, ಕಬ್ಬಿನ ಹಾಲು, ಮಂಜುಗಡ್ಡೆ ಹಾಕಿದ ಪಾನಕದ ಆಸೆ ಇದ್ದೇ ಇರುತ್ತದೆ, ಬಸುರಿಯ ಬಯಕೆ ಬೇರೆ. ಇಲ್ಲಿ ಮನೆಯವರು ಸ್ವಲ್ಪ ನಿಷ್ಠುರರಾಗಲೇಬೇಕು. ಕೊಳಕು ನೀರಿನಿಂದ ಹರಡುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಎಂಬುದೊಂದು ಇದೆ. ಉಳಿದವರಿಗೆ ಅದು ಬಹುಮಟ್ಟಿಗೆ ಬಂದು ಹೋಗುವ ಕಾಯಿಲೆ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನಾಲ್ಕೈದು ಮಂದಿಗೆ ಒಬ್ಬರಂತೆ ಬಲಿ ತೆಗೆದುಕೊಳ್ಳಬಲ್ಲದು. ಚೆನ್ನಾಗಿ ಕುದಿಸಿ ಆರಿಸಿದ ನೀರು, ಮನೆಯಲ್ಲಿ ಬಿಸಿಯಾಗಿ ಮಾಡಿದ ಊಟ, ಮನೆಯಲ್ಲೇ ತೊಳೆದು ಸುಲಿದ ಹಣ್ಣು ಇಷ್ಟೇ ಕೊಡಿ. ಪಾನಿಪೂರಿ ಬೇಕಾದರೆ ಮನೆಯಲ್ಲಿಯೇ ಕುದಿಸಿದ ನೀರಿನಲ್ಲಿ ಮಾಡಿಕೊಡಿ, ಅತ್ತಿಗೆಯರಿಗೂ ಒಂದು ಕೆಲಸವಾಯಿತು.

ಹಿಂದಿರುಗುವ ಟಿಕೆಟ್ಟಿನ ವಿಷಯದಲ್ಲಿ ಅವಸರ ಬೇಡ. ಹೆರಿಗೆಯಾಯಿತು, ಇನ್ನೇನು ಭಯ ಎಂದು ಅಳಿಯಂದಿರು ಕೇಳಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬಸುರಿನಲ್ಲಿ ಇದ್ದುದಕ್ಕಿಂತ ಹೆರಿಗೆಯಾದ ಮೊದಲ ವಾರಗಳಲ್ಲಿಯೇ ಹೆಚ್ಚು; ಹೊಟ್ಟೆ ಕೊಯ್ದು ಹೆರಿಗೆ ಮಾಡಿದ್ದರೆ ಮತ್ತೂ ಹೆಚ್ಚು. ಆರು ವಾರ ಕಳೆಯಲಿ. ಆ ಹೊತ್ತಿಗೆ ಮಗುವಿಗೂ ಮೊದಲ ಸುತ್ತಿನ ಲಸಿಕೆ ಆಗಿರುತ್ತದೆ. ವಿಮಾನ ಏರುವಾಗ ಇಳಿಯುವಾಗ ಕೂಸಿಗೆ ಹಾಲೂಡಿಸುತ್ತಿದ್ದರೆ ನುಂಗುವುದರಿಂದ ಕಿವಿಯ ನೋವು ಕಡಮೆಯಾಗುತ್ತದೆ. ಒಂದು ಕಾಲು ಮಾತ್ರ ಬಾತುಕೊಂಡರೆ, ಮೀನಖಂಡ ಮುಟ್ಟಿದರೆ ನೋಯುವಂತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಬಾಣಂತಿಯ ನಿಶ್ಶಕ್ತಿಯೆಂದು ಕಷಾಯ ಕಾಸುತ್ತ ಕೂರದೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.